ಆದಾಮ–ಹವ್ವ: ಒಂದು ಕಥೆ, ಹಲವು ವ್ಯಾಖ್ಯಾನ

ಯಹೂದಿ, ಕ್ರೈಸ್ತ ಹಾಗೂ ಇಸ್ಲಾಂ ಧರ್ಮಗಳು ಮಾನವಕುಲದ ಆದಿ ದಂಪತಿ ಎಂದು ಗೌರವಿಸುವ ಆದಾಮ ಮತ್ತು ಹವ್ವಳ ಕಥೆ ಬೈಬಲ್‌ನ ಮೊದಲ ಗ್ರಂಥವಾದ ಆದಿಕಾಂಡದಲ್ಲಿ ಬರುತ್ತದೆ. ಕೆಲವೇ ಪುಟಗಳ ಈ ವೃತ್ತಾಂತದ ಅರ್ಥ ಕುರಿತ ಚರ್ಚೆ ಎರಡು ಸಾವಿರ ವರ್ಷ ಕಳೆದರೂ ಮುಗಿದಿಲ್ಲ. ಮನುಷ್ಯ ಹುಟ್ಟಿನಿಂದಲೇ ಪಾಪಿಯೇ, ಸ್ತ್ರೀ ಪುರುಷನಿಗೆ ಅಧೀನಳೇ, ಶಾಲೆಗಳಲ್ಲಿ ವಿಕಾಸವಾದವನ್ನು ಬೋಧಿಸಬಹುದೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಇದೇ ಕಥೆಯಲ್ಲಿ ಹುಡುಕಲಾಗಿದೆ.

ಎರಡು ವೃತ್ತಾಂತಗಳು

ಆದಿಕಾಂಡದ ಮೊದಲ ಅಧ್ಯಾಯದ ಪ್ರಕಾರ ದೇವರು ಸಸ್ಯ, ಪ್ರಾಣಿಗಳ ನಂತರ ಆರನೆಯ ದಿನ ಗಂಡು ಹೆಣ್ಣುಗಳನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಕ್ರಮವೇ ಬೇರೆ. ಅಲ್ಲಿ ಮೊದಲು ಮಣ್ಣಿನಿಂದ ಪುರುಷ, ನಂತರ ಏದೆನ್ ತೋಟ ಮತ್ತು ಪ್ರಾಣಿಗಳು, ಕೊನೆಯಲ್ಲಿ ಸ್ತ್ರೀ.

ಫ್ರಾನ್ಸಿನ ವೈದ್ಯ ಜಾನ್ ಆಸ್ತ್ರುಕ್ 1753ರಲ್ಲಿ ಹೆಸರು ಮರೆಮಾಚಿ ಪ್ರಕಟಿಸಿದ ಗ್ರಂಥದಲ್ಲಿ, ದೇವರಿಗೆ ಬಳಸಿದ ಹೆಸರುಗಳು ಬೇರೆಯಾಗಿರುವುದನ್ನು ಗುರುತಿಸಿ, ಇವು ಭಿನ್ನ ಮೂಲಗಳಿಂದ ಬಂದ ಭಾಗಗಳೆಂದು ವಾದಿಸಿದರು. ಇಂದಿನ ಬಹುತೇಕ ಬೈಬಲ್ ವಿದ್ವಾಂಸರು ಎರಡು ಪರಂಪರೆಗಳ ವಾದವನ್ನು ಒಪ್ಪುತ್ತಾರೆ. ಎರಡನೆಯದು ಮೊದಲನೆಯದರ ವಿವರಣೆ ಮಾತ್ರ ಎಂಬುದು ಸಂಪ್ರದಾಯವಾದಿಗಳ ನಿಲುವು.

ತಪ್ಪು ಯಾರದು?

ಹವ್ವಳ ಸೃಷ್ಟಿಯನ್ನು ಹೇಳುವ ಹೀಬ್ರೂ ಪದ 'ತ್ಸೇಲಾ'. ಕನ್ನಡ ಬೈಬಲ್ ಸೇರಿದಂತೆ ಬಹಳಷ್ಟು ಅನುವಾದಗಳಲ್ಲಿ ಇದು 'ಪಕ್ಕೆಲುಬು' ಎಂದಾಗಿದೆ. ಆದರೆ ಬೈಬಲ್‌ನ ಇತರೆಡೆ ಇದೇ ಪದ 'ಪಾರ್ಶ್ವ', 'ಮಗ್ಗುಲು' ಎಂಬ ಅರ್ಥದಲ್ಲಿ ಬಳಕೆಯಾಗಿದೆ. ಮೊದಲ ಮಾನವ ಎರಡು ಮುಖಗಳ ಒಂದೇ ದೇಹವಾಗಿದ್ದು, ದೇವರು ಅದನ್ನು ಎರಡಾಗಿ ಸೀಳಿದನೆಂದು ಪ್ರಾಚೀನ ಯಹೂದಿ ವ್ಯಾಖ್ಯಾನಕಾರರಲ್ಲಿ ಕೆಲವರು ವಿವರಿಸಿದ್ದುಂಟು. ಸ್ತ್ರೀಯನ್ನು 'ಸಹಾಯಕಿ' ಎನ್ನಲು ಬಳಸಿದ 'ಏಜೆರ್' ಎಂಬ ಪದ ಬೇರೆಡೆ ಸ್ವತಃ ದೇವರಿಗೂ ಅನ್ವಯಿಸಿದೆ ಎಂಬುದು ಗಮನಾರ್ಹ.

ಸರ್ಪದ ಮಾತಿಗೆ ಮರುಳಾಗಿ ಹವ್ವ ಹಣ್ಣು ತಿಂದಾಗ ಆದಾಮ ಆಕೆಯ ಜೊತೆಯಲ್ಲೇ ಇದ್ದನೆಂದು ಹೀಬ್ರೂ ಮೂಲ ಹೇಳುತ್ತದೆ. ಸಂತ ಜೆರೋಮ್ ಅವರ ಲ್ಯಾಟಿನ್ ಅನುವಾದದಲ್ಲಿ ಈ 'ಜೊತೆಯಲ್ಲಿ' ಎಂಬ ಪದ ಬಿಟ್ಟುಹೋಗಿದೆ. ಹಣ್ಣು ಸೇಬು ಎಂಬ ಮಾತೂ ಮೂಲದಲ್ಲಿಲ್ಲ. ವಂಚನೆಗೊಳಗಾದವಳು ಹವ್ವಳೇ ಎಂಬ ಕಾರಣ ನೀಡಿ ಸ್ತ್ರೀಯರು ಸಭೆಯಲ್ಲಿ ಉಪದೇಶಿಸಕೂಡದೆಂದು ಹೊಸ ಒಡಂಬಡಿಕೆಯ ಒಂದು ಪತ್ರ ವಿಧಿಸುತ್ತದೆ. ಸ್ತ್ರೀಯರಿಗೆ ಗುರುದೀಕ್ಷೆ ನೀಡುವುದನ್ನು ವಿರೋಧಿಸುವವರು ಇಂದಿಗೂ ಈ ವಾಕ್ಯವನ್ನು ಮುಂದಿಡುತ್ತಾರೆ.

ಅಮೆರಿಕದ ಮತದಾನ ಹಕ್ಕಿನ ಹೋರಾಟಗಾರ್ತಿ ಎಲಿಜಬೆತ್ ಕೇಡಿ ಸ್ಟಾಂಟನ್ 1895ರಲ್ಲಿ 'ಸ್ತ್ರೀಯರ ಬೈಬಲ್' ಪ್ರಕಟಿಸಿ ಇಂಥ ವ್ಯಾಖ್ಯಾನಗಳನ್ನು ಖಂಡಿಸಿದರು. 1970ರ ದಶಕದಲ್ಲಿ ವಿದುಷಿ ಫಿಲ್ಲಿಸ್ ಟ್ರಿಬಲ್, ಸ್ತ್ರೀಯ ಅಧೀನತೆ ಸೃಷ್ಟಿಯ ನಿಯಮವಲ್ಲ, ಪತನದ ದುಷ್ಪರಿಣಾಮ ಎಂದು ಪ್ರತಿಪಾದಿಸಿದರು.

ಪಾಪದ ಪಿತ್ರಾರ್ಜಿತ

ಆದಾಮನ ಅವಿಧೇಯತೆಯ ದೋಷ ಸಂತತಿಗೂ ಹರಿದು ಬಂದಿದೆ ಎಂಬ 'ಮೂಲಪಾಪ' ಸಿದ್ಧಾಂತವನ್ನು ಪಾಶ್ಚಾತ್ಯ ಕ್ರೈಸ್ತ ಲೋಕದಲ್ಲಿ ನೆಲೆಗೊಳಿಸಿದವರು ಸಂತ ಅಗಸ್ಟೀನ್ (354–430). ಇದನ್ನು ವಿರೋಧಿಸಿದ ಪೆಲಾಜಿಯಸ್ ಪಂಥದ ಬೋಧನೆಗಳನ್ನು 418ರ ಕಾರ್ಥೇಜ್ ಸಭೆ ಖಂಡಿಸಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳ ಪ್ರಕಾರ ಮನುಷ್ಯರಿಗೆ ಬಂದಿರುವುದು ಮರಣಶೀಲತೆ, ಅಪರಾಧವಲ್ಲ. ಯಹೂದಿ ಧರ್ಮವೂ ಜನ್ಮಜಾತ ಅಪರಾಧವನ್ನು ಬೋಧಿಸುವುದಿಲ್ಲ.

ಕುರ್‌ಆನ್‌ನಲ್ಲಿ ಹವ್ವಳ ಹೆಸರು ಬರುವುದಿಲ್ಲ, ಆದಮರ ಪತ್ನಿ ಎಂದಷ್ಟೇ ಇದೆ. ಸೈತಾನನು ಇಬ್ಬರನ್ನೂ ದಾರಿತಪ್ಪಿಸುತ್ತಾನೆ. ಆದಮರ ಪಶ್ಚಾತ್ತಾಪವನ್ನು ದೇವರು ಸ್ವೀಕರಿಸುವುದರಿಂದ ದೋಷ ಮುಂದಿನ ಪೀಳಿಗೆಗೆ ಉಳಿಯುವುದಿಲ್ಲ.

ಇತಿಹಾಸವೋ, ರೂಪಕವೋ?

ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಸೃಷ್ಟಿಯ ವರ್ಷ ಕ್ರಿ.ಪೂ. 4004 ಎಂದು ಲೆಕ್ಕ ಹಾಕಿದ್ದರು. ಡಾರ್ವಿನ್ನರ ಗ್ರಂಥಗಳು (1859, 1871) ಬಂದ ಮೇಲೆ ಅಕ್ಷರಶಃ ಓದು ನೇರ ಸವಾಲು ಎದುರಿಸಿತು. 1925ರಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯ ವಿಕಾಸವಾದದ ಬೋಧನೆಯನ್ನು ನಿಷೇಧಿಸಿತು. ಅದನ್ನು ಉಲ್ಲಂಘಿಸಿದ ಶಿಕ್ಷಕ ಜಾನ್ ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ತಾಂತ್ರಿಕ ಕಾರಣದಿಂದ ತೀರ್ಪು 1927ರಲ್ಲಿ ರದ್ದಾದರೂ ಕಾಯ್ದೆ 1967ರವರೆಗೆ ಜಾರಿಯಲ್ಲಿತ್ತು.

ಮಾನವ ದೇಹದ ವಿಕಾಸದ ಬಗ್ಗೆ ಸಂಶೋಧನೆಗೆ ಅಡ್ಡಿಯಿಲ್ಲವೆಂದು ಪೋಪ್ 12ನೇ ಪಯಸ್ 1950ರಲ್ಲಿ ತಿಳಿಸಿದರು. ಆದರೆ ಆದಿ ದಂಪತಿ ಅನೇಕರಿದ್ದರೆಂಬ ವಾದ ಮೂಲಪಾಪ ಸಿದ್ಧಾಂತಕ್ಕೆ ಹೊಂದುವುದಿಲ್ಲ ಎಂದೂ ಎಚ್ಚರಿಸಿದರು. 1987ರ ತಳಿಶಾಸ್ತ್ರ ಅಧ್ಯಯನವೊಂದು ಇಂದಿನ ಎಲ್ಲ ಮನುಷ್ಯರ ತಾಯಿವಂಶ ಸುಮಾರು 2 ಲಕ್ಷ ವರ್ಷ ಹಿಂದಿನ ಒಬ್ಬ ಸ್ತ್ರೀಯಲ್ಲಿ ಕೂಡುತ್ತದೆ ಎಂದಿತು. ಆಕೆಗೆ 'ಹವ್ವ' ಎಂಬ ಹೆಸರು ಅಂಟಿಕೊಂಡರೂ, ಆ ಕಾಲದ ಏಕೈಕ ಸ್ತ್ರೀ ಆಕೆಯಲ್ಲ.

ಹೀಗೆ ಮೂಲಪಾಠ ಒಂದೇ ಆದರೂ, ಒಂದು ಪದವನ್ನು ಹೇಗೆ ಅನುವಾದಿಸಲಾಯಿತು ಎಂಬುದರ ಮೇಲೆ ಸ್ತ್ರೀಯ ಸ್ಥಾನಮಾನ ನಿರ್ಧಾರವಾದದ್ದುಂಟು. ಹವ್ವಳ ಮೇಲೆ ಹೊರಿಸಲಾದ ಆರೋಪದ ಬಹುಭಾಗ ಕಥೆಯದ್ದಲ್ಲ, ಅದನ್ನು ಓದಿದವರದ್ದು.