ಮರಳದಿಬ್ಬದ ಅಡುಂಬು ಬಳ್ಳಿ: ನಾಟಿಯ ಕಾಲದ ಬಗ್ಗೆ ಒಂದು ಟಿಪ್ಪಣಿ

ಕಡಲತೀರದ ಮರಳಿನಲ್ಲಿ ಹಬ್ಬುವ ಅಡುಂಬು ಬಳ್ಳಿಯನ್ನು (ಐಪೋಮಿಯಾ ಪೆಸ್-ಕ್ಯಾಪ್ರೆ) ಬರ ತಾಳುವ ಸಸ್ಯವೆಂದು ಕರೆಯುವುದು ವಾಡಿಕೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಉಡುಪಿ, ದಕ್ಷಿಣ ಕನ್ನಡದ ತೀರಕ್ಕೆ ಈ ಮಾತು ಎಷ್ಟರಮಟ್ಟಿಗೆ ಸಲ್ಲುತ್ತದೆ? ನಾಟಿಯ ಕಾಲವನ್ನು ನಿಶ್ಚಯಿಸಲು ಈ ಪ್ರಶ್ನೆ ಮುಖ್ಯ.

ಇಲ್ಲಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ವಿರಳ. ಮರಳು ಬಿದ್ದ ನೀರನ್ನು ಹಿಡಿದಿಡದೆ ಬೇಗ ಕೆಳಗಿಳಿಸುತ್ತದೆ. ಆದರೆ ಮೇಲ್ಪದರ ಒಣಗಿದ ಮೇಲೆ ಅಡಿಯ ತೇವ ಸೂಕ್ಷ್ಮರಂಧ್ರಗಳ ಮೂಲಕ ಮೇಲೇರುವುದು ಕಡಿದುಹೋಗುತ್ತದೆ; ಹಾಗಾಗಿ ಆಳದ ತೇವ ಬಹುಕಾಲ ಉಳಿಯುತ್ತದೆ. ಆಳಕ್ಕಿಳಿಯುವ ತಾಯಿಬೇರು ಈ ತೇವವನ್ನು ಮುಟ್ಟುತ್ತದೆ. ಆಡಿನ ಗೊರಸಿನಂತೆ ಸೀಳಿದ ದಪ್ಪ ಎಲೆಗಳು ಉಪ್ಪಿನ ಸಿಂಚನವನ್ನು ಸಹಿಸುತ್ತವೆ. ಬರ ಮರಳಿನ ಮೇಲ್ಪದರದ್ದು. ಬೇರು ಅದನ್ನು ದಾಟುವವರೆಗೆ ಗಿಡಕ್ಕೆ ಅಪಾಯ ತಪ್ಪಿದ್ದಲ್ಲ.

ಆದ್ದರಿಂದ ಮಳೆಗಾಲದ ಆರಂಭದಲ್ಲೇ ನೆಡಬೇಕೆಂದು ತೋರಬಹುದು. ದಿಬ್ಬದ ಹಿಂಬದಿಯ ನೆಲೆನಿಂತ ಮರಳಿಗೆ ಅದು ಸರಿ. ಕಡಲಿಗೆ ಮುಖಮಾಡಿದ ಇಳಿಜಾರಿನ ಲೆಕ್ಕ ಬೇರೆ: ಮುಂಗಾರಿನ ಅಲೆಗಳು ಅಲ್ಲಿನ ಮರಳನ್ನು ಕೊರೆದೊಯ್ಯುತ್ತವೆ, ಕಡಲು ತಣಿದ ಮೇಲೆ ಮರಳು ಮತ್ತೆ ಬಂದು ಕೂಡುತ್ತದೆ. ಜೂನ್‌ನಲ್ಲಿ ನೆಟ್ಟ ಕಾಂಡದ ತುಂಡು ಬೇರೂರುವ ಮೊದಲೇ ಕೊಚ್ಚಿಹೋಗಬಹುದು. ಅಲ್ಲಿಗೆ ಅಲೆಯ ಅಬ್ಬರ ಇಳಿದು, ಮಣ್ಣಿನ ತೇವ ಇನ್ನೂ ಉಳಿದಿರುವ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೆಚ್ಚು ಸೂಕ್ತ. ಬಳಿಕ ಬಂದು ಬೀಳುವ ಮರಳು ಬಳ್ಳಿಗೆ ಹಾನಿಯಲ್ಲ; ಹೂತ ಗಿಣ್ಣುಗಳು ಬೇರು ಬಿಟ್ಟು, ಕುಡಿ ಮೇಲೆ ಬರುತ್ತದೆ.

ನಾಟಿಗೆ ನಾಲ್ಕೈದು ಗಿಣ್ಣುಗಳಿರುವ ಬಲಿತ ಕಾಂಡದ ತುಂಡು ಸಾಕು. ಮೂರರಲ್ಲಿ ಎರಡು ಪಾಲು ಓರೆಯಾಗಿ ಹೂತು, ತುದಿಯ ಎಲೆಗಳನ್ನಷ್ಟೇ ಹೊರಬಿಡಬೇಕು. ಬೀಜದಿಂದಲೂ ಬೆಳೆಸಬಹುದು; ಒಂದು ಕಾಯಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜ. ಸಮುದ್ರದಲ್ಲಿ ತೇಲಿ ದೂರ ಸಾಗಬಲ್ಲ ಅವುಗಳ ಸಿಪ್ಪೆ ನೀರನ್ನು ಒಳಬಿಡದಷ್ಟು ಗಟ್ಟಿ; ಮರಳುಕಾಗದದಿಂದ ಒಂದು ಬದಿ ಉಜ್ಜಿ, ರಾತ್ರಿ ನೆನೆಸಿ ಬಿತ್ತಿದರೆ ಮೊಳೆಯುವುದು ಸುಲಭ. ತುಂಡುಗಳೆಲ್ಲ ಒಂದೇ ತಾಯಿಬಳ್ಳಿಯವಾದರೆ ಇಡೀ ದಿಬ್ಬ ಒಂದೇ ತಳಿಯದಾಗುತ್ತದೆ. ಬೀಜದ ಸಸಿಗಳನ್ನು ಬೆರೆಸುವುದು ಒಳಿತು.

ಎರಡು ಮಿತಿಗಳಿವೆ. ಜನರ, ವಾಹನಗಳ ತುಳಿತಕ್ಕೆ ಕುಡಿಗಳು ಬೇಗ ನಲುಗುತ್ತವೆ. ನಡೆದಾಡುವ ದಾರಿಯನ್ನು ಮೊದಲೇ ಗುರುತಿಸಿ ಬಿಡಬೇಕು. ಹೊನ್ನಾವರದ ಕಾಸರಕೋಡಿನಂತೆ ಕಡಲಾಮೆ ಮೊಟ್ಟೆಯಿಡುವ ತೀರದಲ್ಲಿ ದಟ್ಟ ಬೇರು ಗೂಡಿಗೆ ಅಡ್ಡಿಯಾಗಬಹುದು. ಅಲ್ಲಿ ತೆರೆದ ಮರಳಿನ ಪಟ್ಟಿಯನ್ನು ಉಳಿಸಬೇಕು.

ಒಟ್ಟಿನಲ್ಲಿ, ಈ ಬಳ್ಳಿಯ ನಾಟಿಗೆ ಮಳೆಯ ಪಂಚಾಂಗವೊಂದೇ ಸಾಲದು. ದಿಬ್ಬದ ಹಿಂಬದಿಯಲ್ಲಿ ಮಳೆಯನ್ನೂ, ಮುಂಬದಿಯಲ್ಲಿ ಮರಳಿನ ಚಲನೆಯನ್ನೂ ನೋಡಿ ಕಾಲ ನಿಗದಿಮಾಡಬೇಕು.