ಒಂದು ಚಿಟಿಕೆ ಮಣ್ಣು, ಆರು ತಿಂಗಳ ಜೈಲು

ನಾನಿರುವ ಯೆರವಡಾದಲ್ಲಿ ಕಿರಾಣಿ ಅಂಗಡಿಯವನಿಗೆ ‘ಬ್ಯಾಡಗಿ ಮಿರ್ಚಿ’ ಎಂದರೆ ಸಾಕು, ನಮ್ಮ ಕಡೆಯ ಸುಕ್ಕುಸುಕ್ಕಾದ ಕೆಂಪು ಮೆಣಸಿನಕಾಯಿ ತಕ್ಕಡಿಗೆ ಬೀಳುತ್ತದೆ. ಪುಣೆಗೂ ಬ್ಯಾಡಗಿಗೂ ಇರುವ ನಂಟು ಅಡುಗೆಮನೆಯದಷ್ಟೇ ಅಲ್ಲ. 1956ರ ರಾಜ್ಯ ವಿಂಗಡಣೆಯವರೆಗೆ ಪುಣೆಯೂ ಧಾರವಾಡ ಜಿಲ್ಲೆಯ ಬ್ಯಾಡಗಿಯೂ ಮುಂಬಯಿ ಆಡಳಿತದಲ್ಲೇ ಇದ್ದವು. ಖಾರದ ಪುಡಿಗೆ ಇಟ್ಟಿಗೆ ಪುಡಿ ಬೆರೆಸುವವರನ್ನು ಹಿಡಿಯುವ ಕಾನೂನು ಬೆಳೆದದ್ದು ಆ ಕಾಲದಲ್ಲಿ.

1860ರ ದಂಡ ಸಂಹಿತೆಯಲ್ಲೇ ಕಲಬೆರಕೆಗೆ ಶಿಕ್ಷೆಯಿತ್ತು: ಆರು ತಿಂಗಳವರೆಗೆ ಸೆರೆ, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಬೆರೆಸಿದ್ದರಿಂದ ಆಹಾರ ಆರೋಗ್ಯಕ್ಕೆ ಹಾನಿಕರವಾಯಿತೆಂದು ಸಾಬೀತಾಗಬೇಕಿತ್ತು. ಹೀಗಾಗಿ ಪ್ರಾಂತಗಳು ತಮ್ಮದೇ ಕಾನೂನು ಮಾಡಿಕೊಂಡವು: ಮದ್ರಾಸು 1918ರಲ್ಲಿ, ಬಂಗಾಳ 1919ರಲ್ಲಿ, ಮುಂಬಯಿ 1925ರಲ್ಲಿ. ಇವೆಲ್ಲದರ ಜಾಗಕ್ಕೆ ಬಂದದ್ದು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ. ಜಾರಿಗೆ ಬಂದದ್ದು 1955ರ ಜೂನ್ 1ರಂದು.

ಅದರ ಕ್ರಮ ಅಚ್ಚುಕಟ್ಟು. ಇನ್‌ಸ್ಪೆಕ್ಟರ್ ಅಂಗಡಿಗೆ ಬಂದು, ದುಡ್ಡು ಕೊಟ್ಟೇ ಮಾದರಿ ಪಡೆಯಬೇಕು. ಅದನ್ನು ಮೂರು ಪಾಲು ಮಾಡಿ ಮೊಹರು ಹಾಕಬೇಕು. ಒಂದು ಅಂಗಡಿಯವನಿಗೆ, ಒಂದು ಸರ್ಕಾರಿ ವಿಶ್ಲೇಷಕನಿಗೆ, ಮೂರನೆಯದು ಕೋರ್ಟಿಗಾಗಿ. ವಿಶ್ಲೇಷಕನ ವರದಿ ಒಪ್ಪಿಗೆಯಾಗದಿದ್ದರೆ ಕೇಂದ್ರ ಆಹಾರ ಪ್ರಯೋಗಾಲಯಕ್ಕೆ ಕಳಿಸಿರೆಂದು ಕೋರ್ಟನ್ನು ಕೇಳಬಹುದು. ಅಲ್ಲಿಯ ಮಾತೇ ಕೊನೆ. ಮುಂದೆ ಇಂಥ ಪ್ರಯೋಗಾಲಯಗಳಲ್ಲಿ ಒಂದು ಮೈಸೂರಿನಲ್ಲೂ ಇನ್ನೊಂದು ಪುಣೆಯಲ್ಲೂ ನೆಲೆಯಾದವು.

ಪರೀಕ್ಷೆಯೂ ಸರಳ. ಖಾರದ ಪುಡಿಯನ್ನು ಸುಟ್ಟು ಬೂದಿ ಮಾಡಿ, ಬೂದಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕುತ್ತಾರೆ. ಗಿಡದ ಖನಿಜಾಂಶ ಬಹುಪಾಲು ಕರಗುತ್ತದೆ. ಮಣ್ಣು, ಮರಳು, ಇಟ್ಟಿಗೆ ಉಳಿಯುತ್ತವೆ. ಉಳಿದದ್ದು ನೂರಕ್ಕೆ 1.3 ಪಾಲು ದಾಟಿದರೆ ಕಲಬೆರಕೆ.

ತೊಡಕು ಇಲ್ಲೇ. ಆ ಮಣ್ಣು ಎಲ್ಲಿಂದ ಬಂತೆಂದು ಬೂದಿ ಹೇಳುವುದಿಲ್ಲ. ಮೆಣಸಿನಕಾಯಿ ಒಣಗುವುದು ನೆಲದ ಮೇಲೆ, ಗಾಳಿ ಧೂಳಿನ ನಡುವೆ. ಕಣದ ಧೂಳೂ ಗಿರಣಿಯಲ್ಲಿ ಬೇಕೆಂದೇ ಸುರಿದ ಇಟ್ಟಿಗೆಯೂ ಕಾನೂನಿನ ಕಣ್ಣಿಗೆ ಒಂದೇ. 1964ರ ತಿದ್ದುಪಡಿ ಕನಿಷ್ಠ ಶಿಕ್ಷೆಯನ್ನು ಆರು ತಿಂಗಳ ಸೆರೆ, 1000 ರೂಪಾಯಿ ದಂಡಕ್ಕೆ ಏರಿಸಿತು. ಅದಕ್ಕಿಂತ ಇಳಿಸಬೇಕಾದರೆ ನ್ಯಾಯಾಧೀಶರು ವಿಶೇಷ ಕಾರಣ ಬರೆಯಬೇಕು. ತಯಾರಕನ ಲಿಖಿತ ಖಾತರಿ ತೋರಿಸಿದ ವರ್ತಕ ಪಾರಾಗಬಹುದಿತ್ತು. ಬಿಲ್ಲೂ ಇಲ್ಲದೆ ಚೀಲದಿಂದ ಬಿಡಿಯಾಗಿ ಮಾರುವವನಿಗೆ ಆ ದಾರಿ ಎಲ್ಲಿ? ಮೊದಲು ಸಿಕ್ಕಿಬೀಳುವವನು ಅವನೇ.

1976ರಲ್ಲಿ ಸಂಸತ್ತು ಒಂದು ರಿಯಾಯಿತಿ ಕೊಟ್ಟಿತು: ಸಹಜ ಸ್ಥಿತಿಯಲ್ಲಿರುವ ಬೆಳೆಯ ಗುಣಮಟ್ಟ ಮನುಷ್ಯನ ಕೈಮೀರಿದ ಪ್ರಕೃತಿಯ ಕಾರಣದಿಂದಲೇ ಕುಗ್ಗಿದ್ದರೆ ಅದು ಕಲಬೆರಕೆಯಲ್ಲ. ಇಡೀ ಮೆಣಸಿನಕಾಯಿಗೆ ಇದು ಸಲ್ಲುತ್ತದೆ. ಅದನ್ನೇ ಬೀಸಿದರೆ ‘ಸಹಜ ಸ್ಥಿತಿ’ ಹೋಯಿತು, ರಿಯಾಯಿತಿಯೂ ಹೋಯಿತು!

ಹಾಗೆಂದು ಕಾನೂನು ಬೇಡವಾಗಿತ್ತು ಎನ್ನಲಾರೆ. ಅರಿಸಿನಕ್ಕೆ ಹೊಳಪು ತರಲು ಬೆರೆಸುವ ಲೆಡ್ ಕ್ರೋಮೇಟ್‌ನಲ್ಲಿ ಸೀಸವಿದೆ. ಅದು ಮಕ್ಕಳ ಮಿದುಳಿಗೆ ವಿಷ. ಅದಕ್ಕೆ ನಿಯಮಗಳು ಎಳ್ಳಷ್ಟೂ ಜಾಗ ಕೊಡಲಿಲ್ಲ, ಸರಿಯೇ. ಆದರೆ ಧೂಳಿಗೂ ವಿಷಕ್ಕೂ ಒಂದೇ ಕಟಕಟೆ ಕಟ್ಟಿದ್ದು ತಪ್ಪು. 2011ರ ಆಗಸ್ಟ್ 5ರಂದು ಜಾರಿಯಾದ ಆಹಾರ ಸುರಕ್ಷತಾ ಕಾಯ್ದೆ ಕಳಪೆ ಆಹಾರವನ್ನೂ ಅಪಾಯಕಾರಿ ಆಹಾರವನ್ನೂ ಬೇರ್ಪಡಿಸಿತು: ಮೊದಲನೆಯದಕ್ಕೆ ದಂಡ, ಎರಡನೆಯದಕ್ಕೆ ಜೈಲು. ಮೆಣಸಿನಕಾಯಿಯನ್ನು ಅಂಗಳದಲ್ಲಿ ಒಣಗಿಸಿದವರಿಗೆಲ್ಲ ಗೊತ್ತಿದ್ದ ಈ ವ್ಯತ್ಯಾಸ ಕಾನೂನಿನ ಪುಸ್ತಕ ಸೇರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.