ಇಪ್ಪತ್ತೊಂದು ಎಲೆಗಳ ಆಟ

ಇಸ್ಪೀಟಿನ ಕಣ್ಕಟ್ಟನ್ನು ಕುರಿತು ಆಕಾಶವಾಣಿಯಲ್ಲಿ ಭಾಷಣ ಮಾಡುವುದೆಂದರೆ ಕುರುಡನ ಮುಂದೆ ಕನ್ನಡಿ ಹಿಡಿದಂತೆ ಎಂದು ಮಿತ್ರರೊಬ್ಬರು ನಮ್ಮನ್ನು ಹಾಸ್ಯಮಾಡಿದರು. ಬೇರೆ ಆಟಗಳ ವಿಷಯದಲ್ಲಿ ಅವರ ಮಾತು ನಿಜವೇ. ಆದರೆ ನಾವು ಹೇಳಹೊರಟಿರುವ ಆಟದಲ್ಲಿ ಕೈಚಳಕವೆಂಬುದು ಎಳ್ಳಷ್ಟೂ ಇಲ್ಲವಾದ್ದರಿಂದ, ಇದನ್ನು ಕಿವಿಯಿಂದ ಕೇಳಿಯೇ ಆಡಬಹುದು. ಮನೆಯಲ್ಲಿ ಇಸ್ಪೀಟಿನ ಕಟ್ಟೊಂದಿದ್ದರೆ ಶ್ರೋತೃಗಳು ಅದರಿಂದ ಇಪ್ಪತ್ತೊಂದು ಎಲೆಗಳನ್ನು ಎಣಿಸಿ ತೆಗೆದಿಟ್ಟುಕೊಳ್ಳಬಹುದು.

ಎಲೆಗಳನ್ನು ಮುಖ ಮೇಲಾಗಿ ಮೂರು ಗುಂಪುಗಳಾಗಿ ಹಂಚಬೇಕು. ಮೊದಲನೆಯ ಎಲೆ ಮೊದಲ ಗುಂಪಿಗೆ, ಎರಡನೆಯದು ಎರಡನೆಯದಕ್ಕೆ, ಮೂರನೆಯದು ಮೂರನೆಯದಕ್ಕೆ, ನಾಲ್ಕನೆಯದು ಮರಳಿ ಮೊದಲನೆಯದಕ್ಕೆ. ಹೀಗೆ ಗುಂಪಿಗೆ ಏಳು ಎಲೆ. ನೋಡುವವರು ಒಂದು ಎಲೆಯನ್ನು ಮನಸ್ಸಿನಲ್ಲಿಯೇ ನೆನೆದು, ಅದಿರುವ ಗುಂಪನ್ನು ಮಾತ್ರ ತೋರಿಸುತ್ತಾರೆ. ಗುಂಪುಗಳನ್ನು ಕೂಡಿಸುವಾಗ ಅವರು ತೋರಿಸಿದುದನ್ನು ಉಳಿದೆರಡರ ನಡುವೆ ಇಡಬೇಕು. ಎಲೆಗಳನ್ನು ಕಲಸದೆ ಹೀಗೆ ಮೂರು ಸಲ ಮಾಡಿದರೆ, ಮೇಲಿನಿಂದ ಎಣಿಸಿದರೂ ಕೆಳಗಿನಿಂದ ಎಣಿಸಿದರೂ ಹನ್ನೊಂದನೆಯದೇ ಅವರು ನೆನೆದ ಎಲೆ.

ನಾವು ಇದನ್ನು ಕಲಿತದ್ದು ಹತ್ತು ವರ್ಷದ ಬಾಲಕರಾಗಿದ್ದಾಗ, ಒಂದು ಮದುವೆಯ ಮನೆಯಲ್ಲಿ, ನಮ್ಮ ಸೋದರಮಾವನವರಿಂದ. ಅವರು ಆಟದೊಡನೆ ಒಂದು ಮಂತ್ರವನ್ನೂ ಉಪದೇಶಿಸಿದರು. ಪ್ರತಿ ಸಲ ಗುಂಪುಗಳನ್ನು ಕೂಡಿಸುವಾಗ ಅದನ್ನು ಜಪಿಸದಿದ್ದರೆ ಎಲೆ ಬಾರದೆಂದು ಅವರ ಅಪ್ಪಣೆ. ಕೆಲವು ತಿಂಗಳ ಮೇಲೆ ಒಂದು ದಿನ ನೆರೆಮನೆಯವರ ಮುಂದೆ ಆಡುತ್ತಿರುವಾಗ ಮಂತ್ರವು ಸಂಪೂರ್ಣವಾಗಿ ಮರೆತುಹೋಯಿತು. ಮಾನ ಹೋಯಿತೆಂದು ನಡುಗುತ್ತ ಹನ್ನೊಂದನೆಯ ಎಲೆಯನ್ನು ತಿರುವಿದೆವು. ಅದೇ ಎಲೆ! ನೋಡಿದವರಿಗಿಂತ ನಮಗೇ ಹೆಚ್ಚು ಆಶ್ಚರ್ಯವಾಯಿತು.

ಯೂರೋಪು ಖಂಡವು ಈ ಮಂತ್ರವನ್ನು ಮರೆಯಲು ಶತಮಾನಗಳು ಹಿಡಿದುವು, ಮತ್ತು ಅಲ್ಲಿ ಹೋದುದು ಕೇವಲ ಮಾನವಲ್ಲ. ಇಸ್ಪೀಟು ಆ ಖಂಡಕ್ಕೆ ಬಂದದ್ದು ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ. ಎಲೆಗಳ ಹಿಂದೆಯೇ ಕಣ್ಕಟ್ಟಿನವರೂ, ಅವರ ಹಿಂದೆಯೇ ಇದು ಪಿಶಾಚದ ಸಹಾಯವೆಂಬ ಗುಸುಗುಸುವೂ ಬಂದುವು. ೧೫೮೪ರಲ್ಲಿ ಕೆಂಟ್ ಪ್ರಾಂತದ ರೆಜಿನಾಲ್ಡ್ ಸ್ಕಾಟ್ ಎಂಬ ಗೃಹಸ್ಥನು ಮಾಟಗಾರಿಕೆಯನ್ನು ಬಯಲಿಗೆಳೆಯುವ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿ, ಅದರಲ್ಲಿ ಇಸ್ಪೀಟು, ನಾಣ್ಯ, ಗುಂಡುಗಳ ಆಟಗಳ ಗುಟ್ಟನ್ನೆಲ್ಲ ಬಿಚ್ಚಿಟ್ಟನು. ಗಾರುಡಿಗರ ಹೊಟ್ಟೆಯ ಮೇಲೆ ಹೊಡೆಯುವುದು ಅವನ ಉದ್ದೇಶವಾಗಿರಲಿಲ್ಲ. ಮಾಟಗಾತಿಯರೆಂಬ ಆಪಾದನೆಗೆ ಸಿಕ್ಕಿದ ಬಡ ಮುದುಕಿಯರ ಕೊರಳನ್ನು ಉಳಿಸುವುದು ಅವನ ಹಂಬಲ. ಅದು ಕೈಗೂಡಲಿಲ್ಲ. ೧೬೧೨ನೆಯ ಆಗಸ್ಟ್ ತಿಂಗಳಲ್ಲಿ ಲ್ಯಾಂಕಾಸ್ಟರ್ ಪಟ್ಟಣದಲ್ಲಿ ಮಾಟದ ಆಪಾದನೆಯ ಮೇಲೆ ಹತ್ತು ಮಂದಿಯನ್ನು ಒಂದೇ ದಿನ ನೇಣಿಗೆ ಹಾಕಿದರು.

ಅದೇ ೧೬೧೨ರಲ್ಲಿ, ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ, ಬಾಷೆ ದ ಮೆಜಿರಿಯಾಕ್ ಎಂಬ ವಿದ್ವಾಂಸನು ಲೆಕ್ಕದ ವಿನೋದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದನು. ಮೂರು ಗುಂಪುಗಳ ಆಟವು ಅದರಲ್ಲಿ ಒಂದು ಸಮಸ್ಯೆಯಾಗಿ ಬಂದಿದೆ. ಪಿಶಾಚವಿಲ್ಲ, ಮಂತ್ರವಿಲ್ಲ, ಬರಿಯ ಅಂಕಗಣಿತ. ಈ ಮಹಾನುಭಾವನೇ ೧೬೨೧ರಲ್ಲಿ ಡಯೊಫಾಂಟಸನ ಗ್ರೀಕ್ ಗಣಿತಗ್ರಂಥವನ್ನು ಲ್ಯಾಟಿನ್ ಅನುವಾದದೊಡನೆ ಪ್ರಕಟಿಸಿದವನು. ಅದರ ಪ್ರತಿಯೊಂದರ ಅಂಚಿನಲ್ಲಿ ಫರ್ಮಾ ಗೀಚಿದ ಟಿಪ್ಪಣಿಯೇ ಮುನ್ನೂರೈವತ್ತು ವರ್ಷಗಳಿಗೂ ಮೇಲೆ ಗಣಿತಜ್ಞರ ನಿದ್ದೆಗೆಡಿಸಿ, ೧೯೯೫ರಲ್ಲಿ ಪ್ರಕಟವಾದ ಸಾಧನೆಯಿಂದ ಶಾಂತವಾಯಿತು.

ಆಟದ ಮರ್ಮವಿಷ್ಟೆ. ಮೊದಲ ಉತ್ತರದಿಂದ ಇಪ್ಪತ್ತೊಂದರಲ್ಲಿ ಏಳು ಎಲೆ ಉಳಿದುವು. ಅವನ್ನು ನಡುವೆ ಇಟ್ಟುದರಿಂದ ಅವು ಎಂಟರಿಂದ ಹದಿನಾಲ್ಕರವರೆಗಿನ ಸ್ಥಾನದಲ್ಲಿವೆ. ಪುನಃ ಹಂಚಿದಾಗ ಆ ಏಳು ಎಲೆಗಳು ಎರಡು, ಮೂರು, ಎರಡರಂತೆ ಗುಂಪುಗಳಲ್ಲಿ ಚೆದರುತ್ತವೆ. ಆದ್ದರಿಂದ ಎರಡನೆಯ ಉತ್ತರ ಬಂದ ಕೂಡಲೆ ಉಳಿಯುವುದು ಎರಡೋ ಮೂರೋ ಎಲೆ, ಅವೂ ಹತ್ತು, ಹನ್ನೊಂದು, ಹನ್ನೆರಡನೆಯ ಸ್ಥಾನಗಳಲ್ಲಿ. ಮೂರನೆಯ ಸಲ ಹಂಚಿದರೆ ಇವು ಗುಂಪಿಗೊಂದರಂತೆ ಹೋಗಿ, ತಮ್ಮ ತಮ್ಮ ಗುಂಪಿನ ನಟ್ಟನಡುವೆ ಕುಳಿತುಕೊಳ್ಳುತ್ತವೆ.

ಆಟದ ಸೊಗಸೆಲ್ಲ ಇಲ್ಲಿಯೇ ಇದೆಯೆಂದು ನಮ್ಮ ಮತ. ಎಲೆಯನ್ನು ನೆನೆದವರು ತಮ್ಮ ಗುಟ್ಟನ್ನು ಮೂರು ಕಂತಿನಲ್ಲಿ ತಾವೇ ಒಪ್ಪಿಸಿರುತ್ತಾರೆ. ಆದರೂ ಏನನ್ನೂ ಹೇಳಲಿಲ್ಲವೆಂದು ಪ್ರಮಾಣಮಾಡಲು ಸಿದ್ಧರಾಗಿರುತ್ತಾರೆ. ವೃತ್ತಿಯ ಜಾದೂಗಾರರಿಗೆ ಇದರಲ್ಲಿ ಗೌರವ ಸಾಲದು. ಮೂರು ಸಲ ಹಂಚುವಷ್ಟರಲ್ಲಿ ಸಭೆ ಆಕಳಿಸುತ್ತದೆಂದು ಅವರ ಆಕ್ಷೇಪ, ನ್ಯಾಯವಾದ ಆಕ್ಷೇಪವೇ. ಆದರೆ ಕೈ ನಡುಗುವ ಮಗುವಿಗೂ ತಪ್ಪದೆ ಒಲಿಯುವ ಆಟ ಅವರಲ್ಲಿ ಎಷ್ಟಿವೆ? ಮುಮ್ಮಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ಮೈಸೂರಿನಲ್ಲಿ ಬೆಳೆದ ಗಂಜೀಫದ ದುಂಡೆಲೆಗಳಿಂದ ಆಡಿದರೂ ಇದು ತಪ್ಪದು. ಎಲೆಯ ಮೇಲೆ ರಾಣಿಯಿರಲಿ ದಶಾವತಾರವಿರಲಿ, ಲೆಕ್ಕಕ್ಕೆ ಭೇದವಿಲ್ಲ.

ಬಾಷೆಯ ವಿವರಣೆ ಅಸಂಪೂರ್ಣವಾಗಿತ್ತು. ಅದನ್ನು ಪೂರೈಸಿದವನು ನೀಮ್ ಪಟ್ಟಣದಿಂದ ಗಣಿತಪತ್ರಿಕೆಯೊಂದನ್ನು ನಡೆಸುತ್ತಿದ್ದ ಜೆರ್ಗೊನ್, ೧೮೧೩-೧೪ರಲ್ಲಿ. ಮೂರು ಪ್ರಶ್ನೆಗೆ ಮೂರು ಮೂರು ಉತ್ತರವಾದರೆ ಒಟ್ಟು ಇಪ್ಪತ್ತೇಳು ಬಗೆ. ಆದ್ದರಿಂದ ಇಪ್ಪತ್ತೇಳು ಎಲೆಗಳಿದ್ದರೆ, ನೆನೆದ ಎಲೆಯನ್ನು ಹೇಳಿದ ಸ್ಥಾನಕ್ಕೆ ತರಬಹುದು. ಇಪ್ಪತ್ತನೆಯದಾಗಿ ಬರಲಿ ಎಂದರೆ, ತೋರಿಸಿದ ಗುಂಪನ್ನು ಮೊದಲ ಸಲ ನಡುವೆ, ಎರಡನೆಯ ಸಲ ಮೇಲೆ, ಮೂರನೆಯ ಸಲ ಕೆಳಗೆ ಇಟ್ಟು, ಕಟ್ಟನ್ನು ಬೋರಲಾಗಿ ಹಿಡಿದು ಮೇಲಿನಿಂದ ಎಣಿಸಬೇಕು. ನಾವು ಕಾಲೇಜಿನಲ್ಲಿದ್ದಾಗ ಇದೆಲ್ಲವನ್ನೂ ಕೇಂಬ್ರಿಜ್ಜಿನ ರೌಸ್ ಬಾಲ್ ಅವರು ೧೮೯೨ರಲ್ಲಿ ಪ್ರಕಟಿಸಿದ ಗಣಿತವಿನೋದದ ಗ್ರಂಥದಲ್ಲಿ ಓದಿ, ರಜಕ್ಕೆ ಊರಿಗೆ ಹೋದ ಕೂಡಲೆ ಮಾವನವರನ್ನು ಜಗಲಿಯ ಮೇಲೆ ಕುಳ್ಳಿರಿಸಿ, ಎಲೆಗಳನ್ನು ಹರಡಿ, ಎಂಟರಿಂದ ಹದಿನಾಲ್ಕರವರೆಗೆ ಬೆರಳಿಟ್ಟು ತೋರಿಸಿ ವಿವರಿಸಿದೆವು. ಅವರು ತಾಂಬೂಲ ಹಾಕಿಕೊಳ್ಳುತ್ತ ಕೊನೆಯವರೆಗೆ ಕೇಳಿದರು. ಎರಡನೆಯ ಸಲ ಹಂಚಿದಾಗ ಏಳು ಎಲೆಗಳು ಹೇಗೆ ಚೆದರುತ್ತವೆಂಬುದನ್ನು ಮತ್ತೊಮ್ಮೆ ಹೇಳಿಸಿಕೊಂಡು, ತಾವೇ ಹಂಚಿ ನೋಡಿದರು.

"ಸರಿಯಾಗಿದೆ ಕಣಯ್ಯ," ಎಂದರು ಎಲೆಗಳನ್ನು ಕಟ್ಟಿಡುತ್ತ. "ಆದರೆ ಮಕ್ಕಳ ಮುಂದೆ ಆಡುವಾಗ ಮಂತ್ರ ಬಿಟ್ಟೀಯೆ, ಜೋಕೆ!"